ಎಲೆಯ ತುದಿಗೆ ಬಿದ್ದ ಕಪ್ಪು: ಇನ್‌ಲೇ ಸಂದು ತುಂಬಿದ ಒಂದು ಪ್ರಕರಣ

ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಫಿಂಗರ್‌ಬೋರ್ಡನ್ನು, ಎಂದರೆ ಗಿಟಾರಿನ ಕತ್ತಿನ ಮೇಲೆ ಬೆರಳೂರುವ ಹಲಗೆಯನ್ನು, ಬಿಚ್ಚುವ ಮೊದಲೇ ಅದರ ತಯಾರಕರು, "ನೋಡಿ ನಗಬಾರದು" ಎಂದರು. ಒಳಗಿದ್ದದ್ದು ಬೀಟೆ ಮರದ ಹಲಗೆ. ಅದರ ಮೇಲೆ ಒಂದನೆಯ ಫ್ರೆಟ್ಟಿನಿಂದ (ಹಲಗೆಗೆ ಅಡ್ಡ ಕೂರುವ ಲೋಹದ ಪಟ್ಟಿ) ಹನ್ನೆರಡನೆಯದರವರೆಗೆ ಹಬ್ಬಿದ ಬಳ್ಳಿ, ಮುತ್ತಿನ ಚಿಪ್ಪಿನಲ್ಲಿ ಕತ್ತರಿಸಿದ 23 ಎಲೆಗಳು. ಮರದಲ್ಲಿ ಗುಳಿ ತೆಗೆದು ಹೀಗೆ ಚಿಪ್ಪು ಕೂರಿಸುವುದೇ ಇನ್‌ಲೇ. ಬಳ್ಳಿಯ ಓಟ ಸೊಗಸಾಗಿತ್ತು. ಆದರೆ ಹದಿನೇಳು ಎಲೆಗಳ ತುದಿಯಲ್ಲಿ ಅಲ್ಪವಿರಾಮದಷ್ಟು ಕಪ್ಪು ಚುಕ್ಕೆ. ಒಂದು ಮಾರು ದೂರದಿಂದ ನೋಡಿದರೆ ಬಳ್ಳಿಗೆ ಇರುವೆ ಹತ್ತಿದ ಹಾಗೆ ಕಾಣುತ್ತಿತ್ತು. ನಾನು ನಗಲಿಲ್ಲ. ಇಂಥ ಇರುವೆಗಳನ್ನು ನಾನೂ ಸಾಕಿದವನೇ.

ಗಿಟಾರ್ ತಯಾರಿಸಿದವರು ಮತ್ತು ಮಾಡಿಸಿಕೊಂಡವರು ಇಬ್ಬರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ; ಕೆಲಸದ ವಿವರಗಳನ್ನು ಬದಲಾಯಿಸಿಲ್ಲ.

ಹಿನ್ನೆಲೆ

ತಯಾರಕರು ಮರಗೆಲಸದಲ್ಲಿ ಹೊಸಬರೇನಲ್ಲ. ಅದಕ್ಕೆ ಮುಂಚೆ ಏಳು ಗಿಟಾರ್ ಮುಗಿಸಿದ್ದರು. ಅವುಗಳಲ್ಲಿ ಎರಡಕ್ಕೆ ಸಣ್ಣಪುಟ್ಟ ಇನ್‌ಲೇ ಕೂಡ ಮಾಡಿದ್ದರು: ಒಂದರಲ್ಲಿ ಹಕ್ಕಿ, ಇನ್ನೊಂದರಲ್ಲಿ ಅರ್ಧಚಂದ್ರ. ಎರಡೂ ಎಬೊನಿ ಮರದ ಹಲಗೆಯ ಮೇಲೆ. ಅಲ್ಲಿಯೂ ಸಂದುಗಳು ಉಳಿದಿದ್ದವು. ಅವುಗಳಿಗೆ ಎಬೊನಿಯ ಹುಡಿ ತುಂಬಿ, ಮೇಲೆ ತೆಳು ಸೂಪರ್ ಗ್ಲೂ ಹನಿಸಿ, ಉಜ್ಜಿದ್ದರು. ಸಂದು ಇತ್ತೆಂಬುದು ಅವರಿಗೇ ಮರೆತುಹೋಗಿತ್ತು. ಎಬೊನಿ ಮೊದಲೇ ಕಪ್ಪು, ಅಂಟು ಹೀರಿದ ಎಬೊನಿ ಹುಡಿಯೂ ಕಪ್ಪು; ಅಲ್ಲಿ ಎಂಥ ತಪ್ಪನ್ನೂ ಮರ ನುಂಗಿಕೊಳ್ಳುತ್ತದೆ. ನನ್ನ ಲೆಕ್ಕದಲ್ಲಿ ಈ ಪ್ರಕರಣ ಶುರುವಾದದ್ದು ಆ ಎರಡು ಗೆಲುವುಗಳಿಂದಲೇ.

ಮೂರನೆಯ ಇನ್‌ಲೇ ಕೇಳಿದ ಗ್ರಾಹಕಿಗೆ ಕಪ್ಪು ಹಲಗೆ ಬೇಡವಾಗಿತ್ತು. ಬೀಟೆಯ ಕಂದು ಬಣ್ಣ, ಅದರೊಳಗಿನ ಗೆರೆಗಳು ಅವರಿಗೆ ಇಷ್ಟ. ತಯಾರಕರು ಒಪ್ಪಿಕೊಂಡರು. ಮರ ಬದಲಾಯಿತು, ವಿಧಾನ ಬದಲಾಗಲಿಲ್ಲ.

ಚಿಪ್ಪಿನ ದಪ್ಪ ಒಂದೂವರೆ ಮಿಲಿಮೀಟರ್. ಅಕ್ಕಸಾಲಿಗರ ಗರಗಸದಲ್ಲಿ ಎಲೆಗಳನ್ನು ಕತ್ತರಿಸಿ, ಅಂಚುಗಳನ್ನು ಸಣ್ಣ ಅರದಿಂದ ತಿದ್ದಿದರು. ಹಲಗೆ ಇನ್ನೂ ಚಪ್ಪಟೆಯಾಗಿದ್ದಾಗಲೇ ಪ್ರತಿ ಎಲೆಯ ಸುತ್ತ ಗೀರು ಎಳೆದು, 0.8 ಮಿಲಿಮೀಟರ್ ಬಿಟ್ ಹಾಕಿದ ಕೈರೌಟರಿನಿಂದ, ಎಂದರೆ ತಿರುಗುವ ಮೊನೆಯಿಂದ ಮರ ಕೊರೆಯುವ ಕೈಯಂತ್ರದಿಂದ, ಗುಳಿ ತೆಗೆದರು. ಎಲೆಗಳನ್ನು ಅಂಟು ಹಾಕದೆ ಕೂರಿಸಿ ನೋಡಿದಾಗ, ಅವರೇ ಹೇಳಿದ ಹಾಗೆ, "ಕೂದಲು ತೂರದಷ್ಟು" ಬಿಗಿಯಾಗಿದ್ದವು. ಆಗ ತೆಗೆದ ಫೋಟೊವನ್ನೂ ತೋರಿಸಿದರು. ಮಾತು ಸುಳ್ಳಲ್ಲ. ಎಪಾಕ್ಸಿ ಹಾಕಿ ಅಂಟಿಸಿ, ಒಣಗಿದ ಮೇಲೆ ಹಲಗೆಯನ್ನು ಉಜ್ಜಿ ಅದರ ಅಡ್ಡಗಲಕ್ಕೆ 16 ಇಂಚು ತ್ರಿಜ್ಯದ ಉಬ್ಬು ಕೊಡಲು ಕುಳಿತರು. ಉಜ್ಜುತ್ತಾ ಹೋದ ಹಾಗೆ ಎಲೆಗಳ ಸುತ್ತ ಸಂದುಗಳು ತೆರೆದುಕೊಂಡವು.

ಅಂದು ರಾತ್ರಿಯೇ ಕೂತು ಬೀಟೆಯ ಹುಡಿ ತುಂಬಿ ಸೂಪರ್ ಗ್ಲೂ ಹನಿಸಿದರು. ಬೆಳಗ್ಗೆ ಉಜ್ಜಿ ನೋಡಿದರೆ ಇರುವೆಗಳು. ಸಾಲದ್ದಕ್ಕೆ ಎರಡು ಎಲೆಗಳ ಬಳಿ ಮೇಲಿನ ಸಿಪ್ಪೆ ಮಾತ್ರ ಗಟ್ಟಿಯಾಗಿ ಒಳಗೆ ಪೊಳ್ಳು ಉಳಿದಿತ್ತು, ಉಜ್ಜಿದಾಗ ಅದು ಬಾಯಿ ತೆರೆಯಿತು. ಐದನೆಯ ಫ್ರೆಟ್ ಕೂರಬೇಕಾದ ಸೀಳಿಗೂ ಅಂಟು ಹರಿದಿತ್ತು.

ಸಂದು ಬಂದದ್ದು ಎಲ್ಲಿಂದ

ಅವರು ನನ್ನ ಬಳಿ ಬಂದದ್ದು ಕಪ್ಪನ್ನು ತೆಗೆಯುವುದು ಹೇಗೆಂದು ಕೇಳಲು. ನನ್ನನ್ನು ಕಾಡಿದ್ದು ಬೇರೆಯೇ ಪ್ರಶ್ನೆ: ಕೂದಲು ತೂರದ ಕಡೆ ಸಂದು ಹುಟ್ಟಿದ್ದು ಹೇಗೆ?

ಹಲಗೆಯನ್ನು ಕಿಟಕಿಯ ಬಳಿ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ತಿರುಗಿಸುತ್ತಾ ನೋಡಿದಾಗ ಒಂದು ಕ್ರಮ ಕಾಣಿಸಿತು. ನಡುಗೆರೆಯ ಮೇಲಿದ್ದ ಆರು ಎಲೆಗಳಿಗೆ ಏನೂ ಆಗಿರಲಿಲ್ಲ. ಅಂಚಿನತ್ತ ಸರಿದಷ್ಟೂ ಕಪ್ಪು ಹೆಚ್ಚು. ಕೈ ತಪ್ಪಿ ಆದ ಗಾಯಗಳಾಗಿದ್ದರೆ ಹೀಗೆ ಸಾಲು ಹಿಡಿದು ಬರುತ್ತಿರಲಿಲ್ಲ.

ಲೆಕ್ಕ ಹೀಗೆ. 16 ಇಂಚೆಂದರೆ 406 ಮಿಲಿಮೀಟರ್. ಆ ತ್ರಿಜ್ಯದ ಉಬ್ಬಿನಲ್ಲಿ, ನಡುಗೆರೆಯಿಂದ 20 ಮಿಲಿಮೀಟರ್ ಆಚೆ ಇರುವ ಜಾಗ ಸುಮಾರು ಅರ್ಧ ಮಿಲಿಮೀಟರ್ ತಗ್ಗುತ್ತದೆ. ಇಡೀ ಹಲಗೆಯನ್ನು ಮಟ್ಟ ಮಾಡಲು ಉಜ್ಜಿದ್ದನ್ನು ಸೇರಿಸಿದರೆ ಅಂಚಿನ ಎಲೆಗಳು 0.7 ಮಿಲಿಮೀಟರಿನಷ್ಟು ಸವೆದಿದ್ದವು. ಎಂದರೆ ಒಂದೂವರೆ ಮಿಲಿಮೀಟರ್ ದಪ್ಪದ ಎಲೆಯ ಅರ್ಧಕ್ಕೆ ಹತ್ತಿರ ಹೋಗಿತ್ತು. ಅಂಟಿಸುವ ಮುನ್ನ ಅವರು ನೋಡಿದ್ದು ಎಲೆಯ ಮೇಲ್ಮೈಯ ಅಂಚನ್ನು. ಈಗ ಕಾಣುತ್ತಿದ್ದದ್ದು ಅದರ ಹೊಟ್ಟೆ.

ಅರ ಹಿಡಿದ ಕೈ ಸಾಮಾನ್ಯವಾಗಿ ನೆಟ್ಟಗೆ ಓಡುವುದಿಲ್ಲ, ತುಸು ವಾಲುತ್ತದೆ. ಉಳಿದಿದ್ದ ಒಂದು ಎಲೆಯನ್ನು ಅಡ್ಡ ಹಿಡಿದು ನೋಡಿದೆವು. ಅಂಚು ಮೇಲಿಂದ ಕೆಳಕ್ಕೆ ಒಳಸರಿದಿತ್ತು, ಸುಮಾರು ಹತ್ತು ಡಿಗ್ರಿ. ಹಾಗೆ ವಾಲಿದ ಎಲೆ ಗುಳಿಗೆ ಬೆಣೆಯಂತೆ ಇಳಿದು ಮೇಲೆ ಬಿಗಿಯಾಗಿ ಕೂರುತ್ತದೆ. ಕೂರಿಸಿದವರಿಗೆ ಖುಷಿಯೂ ಆಗುತ್ತದೆ. 0.7 ಮಿಲಿಮೀಟರ್ ಉಜ್ಜಿದ ಮೇಲೆ ಪ್ರತಿ ಪಕ್ಕದಲ್ಲಿ 0.12 ಮಿಲಿಮೀಟರ್ ಸಂದು. ಇದೇನೂ ದೊಡ್ಡದಲ್ಲ. ಆದರೆ ಚೂಪು ತುದಿಯ ಲೆಕ್ಕವೇ ಬೇರೆ. ಎರಡೂ ಪಕ್ಕ ಅಷ್ಟಷ್ಟೇ ಒಳಸರಿದರೆ ತುದಿ ಹಿಂದೆ ಸರಿಯುವುದು ಅದರ ಹಲವು ಪಟ್ಟು. 30 ಡಿಗ್ರಿ ಕೋನದ ತುದಿಯಾದರೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಸುಮಾರು ಅರ್ಧ ಮಿಲಿಮೀಟರ್. ಪಕ್ಕದಲ್ಲಿ ಕೂದಲೆಳೆ, ತುದಿಯಲ್ಲಿ ಗುಂಡಿ.

ಅದರ ಜೊತೆಗೆ ರೌಟರಿನ ಪಾಲೂ ಇತ್ತು. 0.8 ಮಿಲಿಮೀಟರ್ ಬಿಟ್ ಚೂಪು ಮೂಲೆ ಕೊರೆಯಲಾರದು, ಅದು ಬಿಡುವುದು ದುಂಡು ಮೂಲೆಯನ್ನು. 30 ಡಿಗ್ರಿ ತುದಿಯಲ್ಲಿ ಗೀರಿನ ಒಳಗೇ ನಿಲ್ಲಬೇಕೆಂದರೆ ಬಿಟ್ ತುದಿಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ದೂರದಲ್ಲೇ ನಿಲ್ಲಬೇಕು. ಉಳಿದದ್ದನ್ನು ಚೂಪು ಚಾಕುವಿನಿಂದ ಬಿಡಿಸಬೇಕು. ಇವರು ಕೆಲವು ಎಲೆಗಳಲ್ಲಿ ಚಾಕು ಹಿಡಿದಿದ್ದರು, ಕೆಲವದರಲ್ಲಿ ಬಿಟ್ಟನ್ನೇ ತುದಿಯವರೆಗೆ ಓಡಿಸಿದ್ದರು. ಯಾವ ಎಲೆಯಲ್ಲಿ ಯಾವುದೆಂದು ಕೇಳಿದಾಗ, ಮಧ್ಯಾಹ್ನದ ನಂತರ ಮಾಡಿದವುಗಳಲ್ಲಿ ಬಿಟ್ ಎಂದರು. ಪ್ರಾಮಾಣಿಕ ಉತ್ತರ.

ಹುಡಿ ಏಕೆ ಕಪ್ಪಾಯಿತು

ಒಣ ಮರಳು ನೆನೆದಾಗ ಕಪ್ಪಾಗುತ್ತದಲ್ಲ, ಇದೂ ಅದೇ. ಒಣ ಹುಡಿಯ ಕಣಗಳ ನಡುವೆ ಗಾಳಿ ಇರುತ್ತದೆ, ಬೆಳಕು ಅಲ್ಲಿ ಚದುರಿ ಹಿಂದಕ್ಕೆ ಬರುತ್ತದೆ, ಹುಡಿ ತಿಳಿಯಾಗಿ ಕಾಣುತ್ತದೆ. ಆ ಜಾಗವನ್ನು ಅಂಟು ತುಂಬಿತೆಂದರೆ ಬೆಳಕು ಒಳಗೇ ಇಳಿದುಹೋಗುತ್ತದೆ. ಮರಳು ಒಣಗುತ್ತದೆ, ಸೂಪರ್ ಗ್ಲೂ ಕುಡಿದ ಹುಡಿ ಎಂದೆಂದಿಗೂ ನೆನೆದಂತೆಯೇ ಇರುತ್ತದೆ. ಸಣ್ಣ ಹುಡಿಯಾದಷ್ಟೂ ಮರದ ಎಳೆಯ ಗುರುತು ಅಳಿದು ಬರೀ ಬಣ್ಣದ ಮುದ್ದೆಯಾಗುತ್ತದೆ. ಆ ಮುದ್ದೆ ಮುತ್ತಿನ ಚಿಪ್ಪಿನ ಬಿಳುಪಿಗೆ ತಾಗಿಕೊಂಡಿರುವುದರಿಂದ ಇನ್ನೂ ಕಪ್ಪಾಗಿ ಕಾಣುತ್ತದೆ.

ಪೊಳ್ಳಿನ ಕಾರಣ ಸರಳ. ಹುಡಿಯನ್ನು ಒತ್ತಿ ತುಂಬಿ ಮೇಲಿನಿಂದ ತೆಳು ಅಂಟು ಹನಿಸಿದರೆ, ಅದು ಬಿಸಿಯೆದ್ದು ಮೇಲ್ಪದರದಲ್ಲೇ ಗಟ್ಟಿಯಾಗಬಹುದು, ತಳಕ್ಕೆ ಇಳಿಯುವುದೇ ಇಲ್ಲ. ಆಗ ಏಳುವ ಹೊಗೆ ಕಣ್ಣಿಗೂ ಕೆಟ್ಟದ್ದು. ಚಿಪ್ಪಿನ ಧೂಳು, ಬೀಟೆಯ ಹುಡಿ ಎರಡೂ ಶ್ವಾಸಕ್ಕೆ ಒಳ್ಳೆಯವಲ್ಲ. ಬೀಟೆ ಕೆಲವರ ಚರ್ಮಕ್ಕೂ ಆಗಿಬರುವುದಿಲ್ಲ. ಇವರು ರಾತ್ರಿ ಕಿಟಕಿ ಮುಚ್ಚಿಕೊಂಡು, ಮುಖಗವಸಿಲ್ಲದೆ ಇದೆಲ್ಲ ಮಾಡಿದ್ದರು. ಅದಕ್ಕೆ ಮಾತ್ರ ನಾನು ಬೈದೆ.

ಮೊದಲ ತಿರುವು: ಎಣ್ಣೆ ಹಚ್ಚಿದ ತುಂಡು

ಅವರ ಯೋಜನೆ ಅಂದೇ ಎಲ್ಲ ಕಪ್ಪನ್ನು ಕೆರೆದು, ತಿಳಿ ಬಣ್ಣದ ಮೇಪಲ್ ಮರದ ಹುಡಿ ಬೆರೆಸಿ ತಿಳಿಯಾದ ಮಿಶ್ರಣ ತುಂಬುವುದಾಗಿತ್ತು. ನಾನು ತಡೆದೆ. ಅದೇ ಹಲಗೆಯಿಂದ ಕತ್ತರಿಸಿ ಉಳಿದ ತುಂಡೊಂದು ಅವರ ಬಳಿ ಇತ್ತು. ಅದರಲ್ಲಿ ಆರು ಸೀಳು, ಆರು ಚೂಪು ಗುಳಿ ತೆಗೆದು, ಒಂದೊಂದು ಜೋಡಿಗೆ ಒಂದೊಂದು ಬಗೆಯದನ್ನು ತುಂಬಿ ತನ್ನಿ ಎಂದೆ. ವಾರ ಬಿಟ್ಟು ತಂದರು.

ಸಣ್ಣ ಹುಡಿ ಮತ್ತು ಸೂಪರ್ ಗ್ಲೂ: ನಿರೀಕ್ಷೆಯಂತೆ ಕಪ್ಪು. ಸಣ್ಣ ಹುಡಿ ಮತ್ತು ಎಪಾಕ್ಸಿ: ಅದಕ್ಕಿಂತ ಅರೆವಾಸಿ ಮೇಲು. ಮೇಪಲ್ ಬೆರೆಸಿದ್ದು ತಿಳಿಯಾಗುವ ಬದಲು ಚುಕ್ಕೆ ಚುಕ್ಕೆಯಾಗಿ, ಬೂದಿ ಮೆತ್ತಿದಂತೆ ಕಂಡಿತು. ಬಿಳಿ ಮರದಂಟಿನಲ್ಲಿ ಕಲಸಿದ ಹುಡಿಯ ಬಣ್ಣ ಹತ್ತಿರ ಬಂದಿತ್ತು, ಆದರೆ ನೀರು ಆರಿದ ಮೇಲೆ ಕುಗ್ಗಿ ತಗ್ಗಾಗಿತ್ತು. ಕಂದು ಬಣ್ಣದ ಪುಡಿ ಹಾಕಿದ ಎಪಾಕ್ಸಿ ಪ್ಲಾಸ್ಟಿಕ್ ಗುಂಡಿಯಂತೆ ಹೊಳೆಯುತ್ತಿತ್ತು. ಆರನೆಯದು ಕುತೂಹಲದ್ದು. ಹಲಗೆಯ ತಿಳಿ ಗೆರೆ ಇರುವ ಕಡೆಯಿಂದ, ಉಪ್ಪುಕಾಗದ ಮುಟ್ಟಿಸದೆ, ಅರದಿಂದ ತೆಗೆದ ತುಸು ದಪ್ಪ ಹುಡಿಯನ್ನು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಕಲಸಿದ್ದರು. ಅದು ಕಪ್ಪೂ ಅಲ್ಲದ, ಮರವೂ ಅಲ್ಲದ ಒಂದು ನಡುಬಣ್ಣ.

"ಒಂದೂ ಸರಿ ಹೋಗಿಲ್ಲ ನೋಡಿ" ಎಂದು ಅವರು ತುಂಡನ್ನು ಮೇಜಿನ ಮೇಲಿಟ್ಟರು. ನಾನು ಬಟ್ಟೆಗೆ ಫಿಂಗರ್‌ಬೋರ್ಡ್ ಎಣ್ಣೆ ಅದ್ದಿ ಅರ್ಧ ತುಂಡಿಗೆ ಒರೆಸಿದೆ. ಮರ ಕೂಡಲೇ ಎರಡು ಛಾಯೆ ಗಾಢವಾಯಿತು, ತುಂಬಿದ ಸಂದುಗಳು ಇದ್ದಂತೆಯೇ ಇದ್ದವು. ಆರನೆಯ ಜೋಡಿಯ ಸೀಳನ್ನು ಹುಡುಕಲು ಬೆರಳಿನಿಂದ ಸವರಬೇಕಾಯಿತು.

ಒಂದು ವಾರದಿಂದ ಅವರು ಆಗಷ್ಟೇ ಉಜ್ಜಿದ, ಒಣಗಿ ಬೆಳ್ಳಗಾದ ಮರದ ಪಕ್ಕದಲ್ಲಿ ಬಣ್ಣ ಹೋಲಿಸುತ್ತಿದ್ದರು. ಆ ಮರ ಯಾರ ಕೈಗೂ ಹಾಗೇ ಹೋಗುವುದಿಲ್ಲ. ಅಂಟು ತಾಗಿದ್ದು ಮೊದಲೇ ತನ್ನ ಕಡೆಯ ಬಣ್ಣಕ್ಕೆ ಬಂದು ನಿಂತಿರುತ್ತದೆ, ಎಣ್ಣೆ ಮರವನ್ನು ಅದರತ್ತ ಕರೆತರುತ್ತದೆ. ಸಣ್ಣ ಹುಡಿಯ ಸೂಪರ್ ಗ್ಲೂ ಮಾತ್ರ ಎಣ್ಣೆಯಾದ ಮೇಲೂ ಎದ್ದು ಕಾಣುತ್ತಿತ್ತು. ಆರನೆಯ ಮಿಶ್ರಣ ಕೂಡ ಸೀಳಿನಲ್ಲಷ್ಟೇ ಅಡಗಿತು. ಅಗಲವಾದ ಚೂಪು ಗುಳಿಯಲ್ಲಿ ಎಳೆಯಿಲ್ಲದ ಮಚ್ಚೆಯಾಗಿ ಉಳಿಯಿತು. ಎಳೆ ಬೇಕಾದ ಕಡೆಗೆ ಮರವೇ ಬೇಕು.

ಎರಡನೆಯ ತಿರುವು: ಗ್ರಾಹಕಿಯ ಬೆರಳು

ಇಲ್ಲಿ ತಯಾರಕರು ಒಂದು ಗಟ್ಟಿ ನಿರ್ಧಾರ ಮಾಡಿದರು. ಮುಚ್ಚಿಡದೆ ಗ್ರಾಹಕಿಯನ್ನು ಕರೆದು ಹಲಗೆ ತೋರಿಸಿದರು. ನನಗಿದು ಬೇಡವೆನಿಸಿತ್ತು. ಅರ್ಧ ಆದ ಕೆಲಸವನ್ನು ತೋರಿಸಿದರೆ ಅನುಮಾನ ಹುಟ್ಟುತ್ತದೆ ಎಂದು ಹೇಳಿಯೂ ಇದ್ದೆ. ನನ್ನ ಎಣಿಕೆ ತಪ್ಪಿತು.

ಹಲಗೆಗೆ ಎಣ್ಣೆ ಒರೆಸಿ, ಕತ್ತಿನ ಮೇಲೆ ತಾತ್ಕಾಲಿಕವಾಗಿ ಹಿಡಿಸಿ, ಗಿಟಾರನ್ನು ಅವರ ತೊಡೆಯ ಮೇಲಿಟ್ಟರು. "ಯಾವ ಎಲೆ ಕಣ್ಣಿಗೆ ಚುಚ್ಚುತ್ತದೋ ಅದನ್ನು ಮಾತ್ರ ಹೇಳಿ" ಎಂದರು. ಆಕೆ ಒಂದೊಂದಾಗಿ ಬೆರಳಿಟ್ಟು ಒಂಬತ್ತು ಎಲೆ ತೋರಿಸಿದರು. ತಯಾರಕರು ಮೊದಲೇ ತಮ್ಮ ಚೀಟಿಯಲ್ಲಿ ಅತಿ ಕೆಟ್ಟವು ಎಂದು ಆರು ಎಲೆ ಬರೆದುಕೊಂಡಿದ್ದರು. ಎರಡೂ ಪಟ್ಟಿಯಲ್ಲಿದ್ದವು ನಾಲ್ಕೇ. ಅಷ್ಟೇ ಅಲ್ಲ, ಚೀಟಿಯಲ್ಲಿ ಮೊದಲ ಸಾಲಿನಲ್ಲಿದ್ದ, ಎಲ್ಲಕ್ಕಿಂತ ಅಗಲ ಸಂದಿನ ಎಲೆಯನ್ನು ನೋಡಿ ಆಕೆ, "ಇದಕ್ಕೆ ನೆರಳು ಹಾಕಿದ್ದೀರಾ? ಚೆನ್ನಾಗಿದೆ, ಹಾಗೇ ಇರಲಿ" ಎಂದರು. ಅದರ ಪಕ್ಕದ, 0.2 ಮಿಲಿಮೀಟರ್ ಚುಕ್ಕೆಯ ಎಲೆಗೆ, "ಇದನ್ನು ಹುಳ ತಿಂದಿದೆ" ಎಂದರು.

ಗ್ರಾಹಕಿ ಹೋದ ಮೇಲೆ ನಾವಿಬ್ಬರೂ ಆ ಒಂಬತ್ತು ಎಲೆಗಳನ್ನೂ ಅಗಲ ಸಂದಿನ ಎಲೆಯನ್ನೂ ಭೂತಗನ್ನಡಿ ಹಿಡಿದು ನೋಡುತ್ತಾ ಕುಳಿತೆವು. ಅಗಲ ಸಂದಿನ ಎಲೆಯಲ್ಲಿ ಕಪ್ಪು ಬುಡದಿಂದ ತುದಿಯವರೆಗೆ ಒಂದೇ ಪಕ್ಕದಲ್ಲಿ ನಿರಂತರವಾಗಿ ಹರಿದಿತ್ತು; ಎಲೆಯ ಆಕಾರವನ್ನು ಅದು ಮುಟ್ಟಿರಲಿಲ್ಲ, ಅದರ ಜೊತೆಯಲ್ಲೇ ಸಾಗಿತ್ತು. ಹುಳ ತಿಂದ ಎಲೆಯಲ್ಲಿ ಕಪ್ಪು ಇದ್ದದ್ದು ತುದಿಯಲ್ಲಿ ಮಾತ್ರ, ಅದೂ ಗೆರೆಗೆ ಅಡ್ಡವಾಗಿ. ಚೂಪಾಗಬೇಕಿದ್ದ ಎಲೆ ಮೊಂಡಾಗಿತ್ತು. ಎಷ್ಟು ಅಗಲ ಎಂದು ಅಳೆಯುತ್ತಾ ಕುಳಿತಿದ್ದ ನಮಗೆ ಚಿತ್ರ ಎಲ್ಲಿ ಕೆಟ್ಟಿದೆ ಎಂದು ಕಂಡಿರಲಿಲ್ಲ. ಚಿತ್ರವನ್ನಷ್ಟೇ ನೋಡಿದ ಆಕೆಗೆ ಕಂಡಿತು.

ಇದಾದ ಮೇಲೆ ಇನ್ನೊಂದು ಆಸೆ ಹುಟ್ಟಿತು: ಕಪ್ಪು ಗೆರೆ ನೆರಳಿನಂತೆ ಚೆನ್ನಾಗಿ ಕಾಣುವುದಾದರೆ ಎಲ್ಲ ಎಲೆಗಳಿಗೂ ಸುತ್ತ ಬೇಕೆಂದೇ ಒಂದು ಗೆರೆ ಕೊರೆದುಬಿಟ್ಟರೆ? ತಯಾರಕರು ತುಂಡಿನ ಮೇಲೆ ಪ್ರಯತ್ನಿಸಿದರು. 0.3 ಮಿಲಿಮೀಟರಿನ ಸಮ ಗೆರೆಯನ್ನು ಕೈಯಲ್ಲಿ ಎಲೆಯ ಸುತ್ತ ಎಳೆಯುವುದು ಮೊದಲ ಕೆಲಸಕ್ಕಿಂತ ಕಷ್ಟದ ಕೆಲಸ ಎಂದು ಎರಡೇ ಎಲೆಯಲ್ಲಿ ತಿಳಿಯಿತು. ಅಲ್ಲಿಗೆ ಕೈಬಿಟ್ಟರು.

ದುರಸ್ತಿ

ಒಂಬತ್ತನ್ನು ಮಾತ್ರ ಮುಟ್ಟುವುದೆಂದು ತೀರ್ಮಾನವಾಯಿತು. ಚೀಟಿಯಲ್ಲಿ ಉಳಿದಿದ್ದ ಎರಡನ್ನೂ ಸರಿಮಾಡುತ್ತೇನೆಂದು ತಯಾರಕರು ಹಟ ಹಿಡಿದರು, ಅವನ್ನು ಹಾಗೇ ಬಿಡುವಂತೆ ಒಪ್ಪಿಸಲು ಒಂದು ಸಂಜೆ ಬೇಕಾಯಿತು. ಅಸಿಟೋನಿನಲ್ಲಿ ಅಂಟು ಕರಗಿಸುವ ಯೋಚನೆಯನ್ನೂ ಬಿಟ್ಟೆವು. ಅದು ಸೂಪರ್ ಗ್ಲೂ ಜೊತೆಗೆ ಹುಡಿಯ ಬಣ್ಣವನ್ನೂ ಮರದ ರಂಧ್ರಗಳಿಗೆ ಇಳಿಸಿ ಸುತ್ತಲೂ ಕಲೆ ಹರಡಬಹುದಿತ್ತು.

ನಾಲ್ಕು ಎಲೆಗಳಲ್ಲಿ ಕಪ್ಪು ಕಿರಿದಾಗಿತ್ತು. ಅದನ್ನು ಚಾಕುವಿನ ಮೊನೆಯಿಂದ ಬಿಡಿಸಿ ಆರನೆಯ ಮಿಶ್ರಣವನ್ನು ತುಂಬಿದರು. ಮಿಶ್ರಣ ಟೂತ್‌ಪೇಸ್ಟಿನ ಹದದಲ್ಲಿತ್ತು. ಹಲಗೆಯನ್ನು ಹೇರ್ ಡ್ರೈಯರಿನಿಂದ ತುಸು ಬೆಚ್ಚಗೆ ಮಾಡಿದಾಗ ಎಪಾಕ್ಸಿ ತೆಳುವಾಗಿ ತಳಕ್ಕಿಳಿಯಿತು, ಗುಳ್ಳೆಗಳು ಮೇಲೆದ್ದು ಒಡೆದವು. ಮೇಲ್ಮೈಗಿಂತ ಸ್ವಲ್ಪ ಉಬ್ಬುವಂತೆ ಬಿಟ್ಟು ಒಂದು ಹಗಲು ಒಂದು ರಾತ್ರಿ ಮುಟ್ಟಲಿಲ್ಲ. ಫ್ರೆಟ್ ಸೀಳುಗಳಿಗೆ ಈ ಸಲ ಮೇಣ ಸವರಿದ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದ್ದರು. ಉಜ್ಜಿದ್ದು ಗಟ್ಟಿ ದಿಮ್ಮಿಗೆ ಅಂಟಿಸಿದ ಉಪ್ಪುಕಾಗದದಿಂದ. ಕಾಗದದ ಹಿಂದೆ ಬೆರಳೋ ಸ್ಪಂಜೋ ಇದ್ದರೆ ಗಟ್ಟಿ ಚಿಪ್ಪು ಹಾಗೇ ಉಳಿದು ಸುತ್ತಲಿನ ಮರ ಹಳ್ಳ ಬೀಳುತ್ತದೆ.

ಉಳಿದ ಐದಕ್ಕೆ ಮರದ ಬೆಣೆ. ತುದಿಯ ದುಂಡು ಗುಳಿಯನ್ನು ಚಾಕುವಿನಿಂದ ಎರಡೂ ಕಡೆ ನೇರ ಅಂಚು ಬರುವಂತೆ ಬಿಡಿಸಿ, ಅಷ್ಟೇ ಅಳತೆಯ ಬೀಟೆಯ ಸಿಬಿರನ್ನು ಬಿಳಿ ಮರದಂಟು ಹಾಕಿ ಒತ್ತಿ ಕೂರಿಸಬೇಕು. ಸೂಪರ್ ಗ್ಲೂ ಹಾಕಿದ್ದರೆ ಬೆಣೆಯೂ ಕಪ್ಪು ಕುಡಿಯುತ್ತಿತ್ತು. ಮೊದಲನೆಯ ಬೆಣೆ ಅಳತೆಯಲ್ಲಿ ಚೊಕ್ಕವಾಗಿತ್ತು, ಆದರೂ ಎದ್ದು ಕಂಡಿತು. ಎಲೆ ಓರೆಯಾಗಿ ನಿಂತಿತ್ತಲ್ಲ, ಬೆಣೆಯನ್ನು ಅವರು ಎಲೆಯ ದಿಕ್ಕಿಗೇ ಎಳೆ ಬರುವಂತೆ ಕತ್ತರಿಸಿದ್ದರು. ಕತ್ತರಿಸಲು ಹಾಗೆ ಸುಲಭ, ಮುರಿಯುವುದಿಲ್ಲ. ಆದರೆ ಸುತ್ತಲಿನ ಮರದ ಎಳೆ ಹಲಗೆಯ ಉದ್ದಕ್ಕೆ ಓಡುತ್ತಿತ್ತು. ಗಿಟಾರನ್ನು ತಿರುಗಿಸಿದಾಗಲೆಲ್ಲ ಬೆಣೆ ಒಮ್ಮೆ ತಿಳಿಯಾಗಿ, ಒಮ್ಮೆ ಗಾಢವಾಗಿ ಮಿನುಗುತ್ತಿತ್ತು. ಅದನ್ನು ಕಿತ್ತು, ಎಲೆ ಯಾವ ಕಡೆಗೆ ವಾಲಿದ್ದರೂ ಎಳೆ ಹಲಗೆಯ ಉದ್ದಕ್ಕೇ ಇರುವಂತೆ ಹೊಸದು ಮಾಡಿದರು. ಮೂರು ಸಿಬಿರು ಮುರಿದವು, ನಾಲ್ಕನೆಯದು ಕೂತಿತು. ಆಮೇಲೆ ಅದು ಎಲ್ಲಿದೆ ಎಂದು ಗೊತ್ತಿದ್ದವರಿಗೆ ಮಾತ್ರ ಕಾಣುತ್ತಿತ್ತು.

ಏಳನೆಯ ಫ್ರೆಟ್ಟಿನ ಎಲೆಯಲ್ಲಿ ಚಾಕು ಜಾರಿ ಚಿಪ್ಪಿನ ತುದಿಯೇ ಹಾರಿಹೋಯಿತು. ಸವೆದು ತೆಳುವಾಗಿದ್ದ ಚಿಪ್ಪು, ತಡೆಯಲಿಲ್ಲ. ಆ ಎಲೆಯನ್ನು ರೌಟರಿನಿಂದ ಪೂರ್ತಿ ಕೊರೆದು ತೆಗೆದು, ಹೊಸ ಎಲೆಯನ್ನು ಒಂದು ಕೂದಲು ದೊಡ್ಡದಾಗಿ ಕತ್ತರಿಸಿ, ಅರ ನೆಟ್ಟಗೆ ಓಡಲೆಂದು ಮರದ ತುಂಡೊಂದನ್ನು ಆಸರೆ ಕೊಟ್ಟು, ಮೂಲೆಯನ್ನು ಚಾಕುವಿನಿಂದಲೇ ಬಿಡಿಸಿದರು. ಉಬ್ಬು ಮೊದಲೇ ಆಗಿತ್ತು, ಹೆಚ್ಚು ಉಜ್ಜುವುದಿರಲಿಲ್ಲ. ಇಡೀ ಬಳ್ಳಿಯಲ್ಲಿ ಈಗ ಅದೇ ಚೊಕ್ಕ ಎಲೆ. ಬೇರೆ ಚಿಪ್ಪಿನಿಂದ ಬಂದದ್ದರಿಂದ ಹೊಳಪು ಮಾತ್ರ ತುಸು ಹಸಿರು.

ಮತ್ತೆ ಮಾಡಿದರೆ

ಅವರ ಮುಂದಿನ ಹಲಗೆಯ ಕೆಲಸ ನಾನು ನೋಡಿದ್ದೇನೆ. ಉಬ್ಬನ್ನು ಮೊದಲೇ ಹೆಚ್ಚುಕಡಿಮೆ ಮುಗಿಸಿ, ಆಮೇಲೆ ಗುಳಿ ತೆಗೆಯುತ್ತಾರೆ. ಬಾಗಿದ ಮೇಲ್ಮೈ ಮೇಲೆ ರೌಟರ್ ನಿಲ್ಲಿಸುವುದು ಕಿರಿಕಿರಿಯ ಕೆಲಸ, ಆದರೆ ಚಿಪ್ಪು ಸವೆಯುವುದು ಕಡಿಮೆ. ಅಂಚು ನೆಟ್ಟಗಿದೆಯೇ ಎಂದು ಎಲೆಯನ್ನು ಮಗುಚಿ ತಲೆಕೆಳಗಾಗಿ ಗೀರಿನ ಮೇಲಿಟ್ಟು ನೋಡುತ್ತಾರೆ. ಈ ಉಪಾಯ ಅವರದೇ. ಎಲೆಯ ಕನ್ನಡಿ ಬಿಂಬ ಸಮನಾಗಿದ್ದರೆ ಮಾತ್ರ ಇದು ನಡೆಯುತ್ತದೆ, ಇಲ್ಲದಿದ್ದರೆ ಇನ್ನೊಂದು ಗೀರು ಬೇಕು. ಎಣ್ಣೆ ಒರೆಸಿದ ತುಂಡಿಲ್ಲದೆ ಅವರೀಗ ಹುಡಿ ಕಲಸುವುದಿಲ್ಲ. ಬಳ್ಳಿ ಬಿಡಿಸುವಾಗಲೇ ಎಲೆಯ ತುದಿಗಳನ್ನು ಕೂದಲೆಳೆಯಷ್ಟು ದುಂಡಾಗಿಸುವುದನ್ನೂ ಕಲಿತಿದ್ದಾರೆ. 0.8 ಬಿಟ್ಟಿನ ದುಂಡಿಗೆ ಹೊಂದುವ ತುದಿಯಾದರೆ ಚಾಕು, ಬೆಣೆ ಎರಡರ ಗೋಜೂ ತಪ್ಪುತ್ತದೆ, ನೋಡುವವರಿಗೆ ಅದು ಚೂಪಾಗಿಯೇ ಕಾಣುತ್ತದೆ. ಎಬೊನಿಯ ಮೇಲೆ ಮಾತ್ರ ಈಗಲೂ ಹುಡಿ ಮತ್ತು ಸೂಪರ್ ಗ್ಲೂ. ಅಲ್ಲಿ ಅದು ಸರಿಯೇ.

ಆರು ತಿಂಗಳ ನಂತರ ಗಿಟಾರ್ ಸಣ್ಣ ಹೊಂದಾಣಿಕೆಗೆಂದು ಮರಳಿ ಬಂದಿತ್ತು. ಒಣ ಹವೆಯಲ್ಲಿ ಮರ ಅಡ್ಡಕ್ಕೆ ಕುಗ್ಗುತ್ತದೆ, ಚಿಪ್ಪು ಕುಗ್ಗುವುದಿಲ್ಲ. ಹಾಗಾಗಿ ಹತ್ತನೆಯ ಫ್ರೆಟ್ಟಿನ ಬಳಿ, ಮುಟ್ಟದೆ ಬಿಟ್ಟಿದ್ದ ಒಂದು ಹಳೆಯ ಸಂದಿನ ಪಕ್ಕ ಕೂದಲೆಳೆಯ ಬಿರುಕು ಕಂಡಿತ್ತು. ಅದನ್ನು ಹಾಗೇ ಬಿಟ್ಟೆವು. ಬೆಣೆಗಳೆಲ್ಲ ಭದ್ರವಾಗಿದ್ದವು. ಹುಳ ತಿಂದ ಆ ಎಲೆಗಳೆಲ್ಲ ಎಲ್ಲಿ ಹೋದವು, ನನಗೆ ಸಿಗುತ್ತಲೇ ಇಲ್ಲ ಎಂದು ಗ್ರಾಹಕಿ ಕೇಳಿದರು. ತಯಾರಕರು ತಡೆಯಲಾರದೆ, ಹೆಮ್ಮೆಯಿಂದ, ಮೂರನೆಯ ಫ್ರೆಟ್ಟಿನ ಬೆಣೆಯನ್ನು ಬೆರಳಿಟ್ಟು ತೋರಿಸಿಬಿಟ್ಟರು. ಅಂದಿನಿಂದ ನುಡಿಸಲು ಕುಳಿತಾಗಲೆಲ್ಲ ಅವರ ಕಣ್ಣು ನೇರ ಅಲ್ಲಿಗೇ ಹೋಗುತ್ತದಂತೆ.